ನಾಲಾ ದಂಡೆಯ ಮೇಲೆ ನಡೆಯುವ ಹುಬ್ಬಳ್ಳಿ

ಬೆಳಗಿನ ಆರೂವರೆಗೆಲ್ಲ ನಾಲಾ ದಂಡೆಯ ಹಾದಿ ತುಂಬಿತ್ತು. ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಾಲಿಗೆ ಬೂಟು ಏರಿಸಿದ ಹೆಣ್ಣುಮಕ್ಕಳ ಗುಂಪೊಂದು ಬಿರಬಿರನೆ ನಡೆಯುತ್ತಿತ್ತು. ಅವರ ಹಿಂದೆ ಟೊಪ್ಪಿಗೆ ಹಾಕಿದ ಅಜ್ಜನೊಬ್ಬ, ಅವನ ಪಕ್ಕದಲ್ಲಿ ಮೂರು ಗಾಲಿಯ ಸೈಕಲ್ ತುಳಿಯುತ್ತ ಮೊಮ್ಮಗ. ಹುಬ್ಬಳ್ಳಿಯ ರಸ್ತೆಗಳಲ್ಲಿ ಲಾರಿ, ಆಟೊ, ಧೂಳಿನ ನಡುವೆ ಜೀವ ಕೈಯಲ್ಲಿ ಹಿಡಿದು ದಾಟುವವರಿಗೆ ಇದು ಸಣ್ಣ ಸಂಗತಿಯಲ್ಲ. ಇಲ್ಲಿ ಹಿಂದಿನಿಂದ ಹಾರ್ನ್ ಹೊಡೆಯುವವರಿಲ್ಲ.

ಉಣಕಲ್ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಕಾಲುವೆ ಈ ನಾಲಾ. ಊರನ್ನು ಸೀಳಿಕೊಂಡು ಗಬ್ಬೂರಿನ ಕಡೆ ಸಾಗುತ್ತದೆ. ಅದರ ದಂಡೆಯಲ್ಲಿ ನಡಿಗೆ ಮತ್ತು ಸೈಕಲ್ ಹಾದಿ ಮಾಡಲು ಹೊರಟದ್ದು ‘ಹಸಿರು ಸಂಚಾರ ಪಥ’ ಯೋಜನೆ. 2018ರಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಮತ್ತು ಐರೋಪ್ಯ ಒಕ್ಕೂಟ ಸೇರಿ ಶುರು ಮಾಡಿದ ‘ಸಿಟೀಸ್’ ಕಾರ್ಯಕ್ರಮದಲ್ಲಿ ದೇಶದ 12 ನಗರಗಳು ಆಯ್ಕೆಯಾದವು. ಕರ್ನಾಟಕದಿಂದ ಹುಬ್ಬಳ್ಳಿ-ಧಾರವಾಡ ಒಂದೇ, ಅದೂ ಈ ಪಥದ ಯೋಜನೆಗಾಗಿ. ಒಂದು ನಗರಕ್ಕೆ ಸಿಗುವ ಅನುದಾನದ ಮಿತಿ 80 ಕೋಟಿ ರೂಪಾಯಿ ಇತ್ತು. ಇದರ ಜೊತೆಗೆ ‘ಸವಾರಿ’ ಹೆಸರಿನ ಬಾಡಿಗೆ ಸೈಕಲ್ ವ್ಯವಸ್ಥೆಯೂ ಬಂತು: 34 ನಿಲ್ದಾಣ, 340 ಸೈಕಲ್.

ಆ ಸೈಕಲ್‌ಗಳ ಮಾತು ಎತ್ತಿದ್ದೇ ತಡ, ಉಣಕಲ್ ಬದಿಯಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿಯೇ ಬಿಟ್ಟರು. ‘ಬಾಡಗಿ ಸೈಕಲ್ ಏನ್ ಹೊಸಾದಲ್ರೀ ಸರ. ನಮ್ಮಪ್ಪನ ಅಂಗಡ್ಯಾಗ ಹತ್ತು ಸೈಕಲ್ ಇದ್ವು. ತಾಸಿನ ಲೆಕ್ಕಾ. ಸೂಟಿ ಬಂತಂದ್ರ ಹುಡುಗ್ರು ಪಾಳಿ ಹಚ್ಚತಿದ್ರು. ಹೆಸರು, ಹೊತ್ತು ಎಲ್ಲಾ ವಹಿಯೊಳಗ ಬರ್ಕೊಂಡು ಕೊಡೋದು. ಗುರುತಿಲ್ಲದವ್ರಿಗೆ ಕೊಡ್ತಿದ್ದಿಲ್ಲ, ಅಷ್ಟ.’

ಮಾತಾಡುತ್ತಲೇ ಅವರ ಕೈ ನಡೆದಿತ್ತು. ಟ್ಯೂಬಿಗೆ ಹವಾ ತುಂಬಿ, ಬುಟ್ಟಿಯ ನೀರಿನಲ್ಲಿ ಇಂಚಿಂಚಾಗಿ ಮುಳುಗಿಸಿ, ಗುಳ್ಳೆ ಎದ್ದಲ್ಲಿ ಬೆರಳೊತ್ತಿ ಹಿಡಿದರು. ಒರೆಸಿ, ಉಜ್ಜಿ, ಸೊಲ್ಯೂಷನ್ ಸವರಿ, ಬಾಯಿಂದ ಊದಿ ಒಣಗಿಸಿ ಪ್ಯಾಚ್ ಕೂರಿಸಿದರು. ಆಮೇಲೆ ಗಾಲಿ ತಿರುಗಿಸಿ, ರಿಮ್ ಎಲ್ಲಿ ವಾಲುತ್ತದೆಂದು ಒಂದು ಕಣ್ಣು ಮುಚ್ಚಿ ನೋಡಿ, ಎರಡು ಕಡ್ಡಿ ಬಿಗಿದು ಒಂದನ್ನು ಸಡಿಲಿಸಿದರು. ಯಾವ ಅಳತೆಗೋಲೂ ಇಲ್ಲ. ಈ ಕೆಲಸ ಕಲಿಯಲು ಈಗ ಯಾರೂ ಬರುವುದಿಲ್ಲವಂತೆ. ಮಗ ಬೈಕ್ ಷೋರೂಮಿನಲ್ಲಿದ್ದಾನೆ. ‘ಸವಾರಿ’ಯ ಹೊಸ ಸೈಕಲ್‌ಗಳ ರಿಪೇರಿ ಇಂಥವರ ಕೈಗೆ ಬರಲಿಲ್ಲ. ಊರಿನ ಹಳೇ ಮೇಸ್ತ್ರಿಗಳಿಗೂ ಅದರಲ್ಲೊಂದು ಪಾಲು ಕೊಟ್ಟಿದ್ದರೆ ಯೋಜನೆಗೆ ಏನು ನಷ್ಟವಾಗುತ್ತಿತ್ತು?

‘ಹಾದಿ ಛಲೋ ಐತ್ರೀ, ಸುಳ್ಳ ಹೇಳಬಾರದು,’ ಎಂದರು ಕೈ ಒರೆಸಿಕೊಳ್ಳುತ್ತ. ‘ಮೊದಲ ಈ ದಂಡಿಗೆ ಜಾಲಿ ಕಂಟಿ, ಹಂದಿ, ಕಸ. ಈಗ ಹೆಣ್ಮಕ್ಕಳು ನಸುಕಿನ್ಯಾಗ ಅಂಜಿಕಿಲ್ಲದ ಅಡ್ಡಾಡ್ತಾರ. ಆದ್ರ ನೀರಿನ್ ವಾಸ್ನಿ? ಬ್ಯಾಸಿಗ್ಯಾಗ ಬಂದ್ ನೋಡ್ರಿ.’

ಬೇಸಿಗೆಯವರೆಗೆ ಕಾಯಬೇಕಿರಲಿಲ್ಲ. ಬಿಸಿಲೇರುತ್ತಿದ್ದಂತೆ ಗಬ್ಬು ವಾಸನೆ ಎದ್ದಿತು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಡೆಯುವವರನ್ನು ಕಂಡೆ. ಮಳೆನೀರಿನ ಕಾಲುವೆಗೆ ಬಡಾವಣೆಗಳ ಒಳಚರಂಡಿ ಬಂದು ಸೇರುತ್ತಿದೆ. ಕಪ್ಪು ನೀರಿನಲ್ಲಿ ಪ್ಲಾಸ್ಟಿಕ್ ಚೀಲ, ಯಾರದೋ ಮನೆಯ ಹಾಸಿಗೆಯ ಹತ್ತಿ. ಹಾದಿಗೆ ಹಾಕಿದ ಕಲ್ಲು, ಕಂಬ, ದೀಪ ಕಣ್ಣಿಗೆ ಬೇಗ ಕಾಣುತ್ತವೆ. ಕೊಳಚೆ ತಡೆಯುವ ಕೊಳವೆ ನೆಲದಡಿಯ ಕೆಲಸ, ಫೋಟೊಗೆ ಸಿಗುವುದಿಲ್ಲ. ಆದರೆ ನಡೆಯುವವರನ್ನು ಉಳಿಸಿಕೊಳ್ಳುವುದು ಆ ಕೊಳವೆಯೇ.

ಇನ್ನೊಂದು ಕೊರತೆ ಹಾದಿ ತುಂಡಾಗಿರುವುದು. ಮುಂಜಾನೆ ಸುತ್ತು ಹೊಡೆದು ಮನೆಗೆ ಮರಳುವವರಿಗೆ ಇಷ್ಟು ಸಾಕು. ಕೆಲಸಕ್ಕೆ, ಶಾಲೆಗೆ, ಸಂತೆಗೆ ಹೋಗುವವರಿಗೆ ಸಾಲದು. ಹುಬ್ಬಳ್ಳಿ-ಧಾರವಾಡದ ನಡುವೆ 22 ಕಿಲೊಮೀಟರ್ ಓಡುವ ಚಿಗರಿ ಬಸ್ಸು ಹತ್ತಿರದಲ್ಲೇ ಇದೆ. ಬಸ್ಸಿಳಿದವರು ನೆರಳಿನಲ್ಲಿ ನಡೆದು ಈ ಹಾದಿಗೆ ಸೇರುವಂತಾದರೆ ಎಷ್ಟೋ ಬೈಕುಗಳು ಮನೆಯಲ್ಲೇ ಉಳಿದಾವು. ಗಿಡಗಳಿನ್ನೂ ಚಿಕ್ಕವು, ಹತ್ತು ಗಂಟೆಯ ಹೊತ್ತಿಗೆ ಕೂರಲು ನೆರಳಿರಲಿಲ್ಲ. ಹೆಣ್ಣುಮಕ್ಕಳು ಮೊದಲು ಕೇಳಿದ್ದು ಶೌಚಾಲಯ.

ಹೊರಗಿನಿಂದ ಬಂದ ದುಡ್ಡು ಒಂದು ದಿನ ಮುಗಿಯುತ್ತದೆ. ಆಮೇಲೆ ಕಸ ಎತ್ತುವುದು, ದೀಪ ಉರಿಸುವುದು, ಗಿಡಕ್ಕೆ ನೀರು ಹಾಕುವುದು ಊರಿನ ಪಾಲಿಗೇ ಬರುತ್ತದೆ. ಮಹಾನಗರ ಪಾಲಿಕೆ ಮುಂದಿನ ಬಜೆಟ್ಟಿನಲ್ಲಿ ಅದಕ್ಕೆಂದು ಹಣ ತೆಗೆದಿಡಬೇಕು, ಹಾದಿಯನ್ನು ಮುಂದೆ ಒಯ್ಯುವ ಮುಂಚೆ ನಾಲಾಕ್ಕೆ ಬೀಳುವ ಕೊಳಚೆಯನ್ನು ನಿಲ್ಲಿಸಬೇಕು.