ನೋವಿನ ಗುಳಿಗೆ: ಜನಪದ ಮೂಲ ಹಾಗೂ ಸಿಂಧನೂರು ಪರಿಸರ

ಜನಪದ ವೈದ್ಯ ಮತ್ತು ಆಧುನಿಕ ವೈದ್ಯಗಳನ್ನು ಪರಸ್ಪರ ವಿರುದ್ಧ ಪರಂಪರೆಗಳೆಂದು ಭಾವಿಸುವುದು ವಾಡಿಕೆ. ನೋವು ನಿವಾರಕ ಗುಳಿಗೆಯ ಚರಿತ್ರೆ ಈ ತಿಳಿವಳಿಕೆಯನ್ನು ಮರುಪರಿಶೀಲನೆಗೆ ಒಳಪಡಿಸುತ್ತದೆ.

1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ವಿಲ್ಲೋ ಮರದ ತೊಗಟೆಯ ಪುಡಿಯನ್ನು ಸುಮಾರು 50 ಜನ ಚಳಿಜ್ವರ ಪೀಡಿತರಿಗೆ ಕೊಟ್ಟು, ಅದರ ಪರಿಣಾಮವನ್ನು ರಾಯಲ್ ಸೊಸೈಟಿಗೆ ವರದಿ ಮಾಡಿದನು. ರೋಗ ಹುಟ್ಟುವ ನೆಲದಲ್ಲಿಯೇ ಮದ್ದೂ ಬೆಳೆಯುತ್ತದೆಯೆಂಬ ನಂಬಿಕೆ ಅವನಿಗೆ ಪ್ರೇರಣೆಯಾಗಿತ್ತು. ಜೌಗಿನಲ್ಲಿ ಚಳಿಜ್ವರ, ಅಲ್ಲಿಯೇ ವಿಲ್ಲೋ. 1828ರಲ್ಲಿ ಬುಕ್ನರ್ ಈ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಡಿಸಿದನು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ಶುದ್ಧರೂಪದಲ್ಲಿ ತಯಾರಿಸಿದನು. 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂಬ ಹೆಸರಾಯಿತು.

ಈ ಗುಳಿಗೆ ಕೆಲಸ ಮಾಡುವ ಬಗೆಯನ್ನು 1971ರಲ್ಲಿ ಜಾನ್ ವೇನ್ ವಿವರಿಸಿದನು. ನೋವು, ಬಾವುಗಳಿಗೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್‌ಗಳ ಉತ್ಪತ್ತಿಯನ್ನು ಅದು ತಡೆಯುತ್ತದೆ. ಜಠರದ ಒಳಪದರವನ್ನು ಕಾಯುವುದೂ ಇವೇ ಆದ್ದರಿಂದ ಅತಿಬಳಕೆ ಹುಣ್ಣಿಗೆ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಡೆಂಗಿ ಜ್ವರದಲ್ಲಿ ಆಸ್ಪಿರಿನ್ ವರ್ಜ್ಯವೆನ್ನುವುದಕ್ಕೂ ರಕ್ತಸ್ರಾವದ ಅಪಾಯವೇ ಕಾರಣ.

ಸಿಂಧನೂರು ಭಾಗದಲ್ಲಿ ಈ ಚರಿತ್ರೆಗೆ ವಿಶೇಷ ಅರ್ಥವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ದಿನವಿಡೀ ಕೆಸರಿನಲ್ಲಿ ಬಾಗಿ ಸಸಿ ಹಚ್ಚುವ ದುಡಿಮೆ ಬಹುಪಾಲು ಹೆಣ್ಣುಮಕ್ಕಳದಾಯಿತು; ಸೊಂಟನೋವು ಆ ದುಡಿಮೆಯ ಸಂಗಾತಿಯಾಯಿತು. ಲಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ, ಔಡಲೆಣ್ಣೆ ಸವರಿ ಬಿಸಿಮಾಡಿದ ಎಕ್ಕೆ ಎಲೆಯ ಕಟ್ಟು, ಉಪ್ಪಿನ ಕಾವು ಇವು ಉತ್ತರ ಕರ್ನಾಟಕದ ಮನೆಮದ್ದುಗಳು. ಇವುಗಳಿಗೆ ಬಿಡುವು ಬೇಕು, ಆರೈಕೆಯ ಮತ್ತೊಂದು ಕೈ ಬೇಕು. ಗುಳಿಗೆಗೆ ಇವೆರಡೂ ಬೇಡ. ನುಂಗಿದವಳು ಮರುದಿನ ಮತ್ತೆ ಗದ್ದೆಗೆ ಇಳಿಯಬಲ್ಲಳು. ಮನೆಮದ್ದು ಹಿಂದೆ ಸರಿದುದಕ್ಕೆ ಅದರ ಗುಣದ ಕೊರತೆಗಿಂತ ಬಿಡುವಿನ ಕೊರತೆಯೇ ಮುಖ್ಯ ಕಾರಣವೆನ್ನಬಹುದು. ಗುಳಿಗೆ ನೋವನ್ನು ತಗ್ಗಿಸುತ್ತದೆಯೇ ಹೊರತು ನೋವಿನ ಮೂಲವಾದ ದುಡಿಮೆಯ ಕ್ರಮವನ್ನಲ್ಲ.

ಲಕ್ಕಿಗೆ ಬಾವು ತಗ್ಗಿಸುವ ಗುಣವಿರುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಜನಪದ ವೈದ್ಯದ ಸಂಗ್ರಹಗಳು ಹಲವು ವೇಳೆ ಗಿಡದ ಹೆಸರು, ರೋಗದ ಹೆಸರುಗಳಿಗೆ ನಿಂತುಬಿಡುತ್ತವೆ. ಸ್ಟೋನ್‌ನ ನಂಬಿಕೆ ತಾರ್ಕಿಕವಾಗಿ ದುರ್ಬಲವಾಗಿತ್ತು. ಆದರೂ ಎಷ್ಟು ಪುಡಿ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ಜನರಿಗೆ ಎಂಬುದನ್ನು ಅವನು ಬರೆದಿಟ್ಟನು. ಗುಣ ಕಾಣದ ಪ್ರಸಂಗಗಳನ್ನೂ ಮರೆಮಾಚಲಿಲ್ಲ. ಲಕ್ಕಿಯ ಬಗೆಗೂ ಇಂಥ ದಾಖಲೆ, ಅದನ್ನು ಬಳಸಿ ಬಲ್ಲ ಹಿರಿಯರು ಇರುವಾಗಲೇ ಆಗಬೇಕಾಗಿದೆ.