ಕೈರೋದ ಕೋಣೆಯಲ್ಲಿ ಮಂಗಳೂರಿನ ಲೆಕ್ಕಪತ್ರ

ದೀಪದ ಕಂಬ ಎಂಟು ಮೂಲೆಯದಾಗಿರಬೇಕು, ದಪ್ಪವಾಗಿರಬೇಕು. ಪೀಠಕ್ಕೆ ಬಲವಾದ ಕಾಲುಗಳು ಬೇಕು. ಮೇಲೆ ಕೂರುವ ಹಣತೆಗೆ ಎರಡು ಬತ್ತಿ ಹಾಕಲು ಎರಡು ಮೂತಿ ಇರಬೇಕು. 12ನೇ ಶತಮಾನದಲ್ಲಿ ಏಡನ್ ಬಂದರಿನ ವ್ಯಾಪಾರಿಯೊಬ್ಬ ಭಾರತದ ಪಶ್ಚಿಮ ಕರಾವಳಿಯಲ್ಲಿದ್ದ ಗೆಳೆಯನಿಗೆ ಕಳಿಸಿದ ಆರ್ಡರ್ ಇದು. ಆರ್ಡರಿನ ಜತೆಗೆ ಒಡೆದುಹೋದ ಹಳೆಯ ತಾಮ್ರದ ಪಾತ್ರೆಗಳನ್ನೂ ಹಡಗಿಗೆ ಹಾಕಿಸಿದ್ದ. ಅವನ್ನು ಕರಗಿಸಿ ಹೊಸ ಸಾಮಾನು ಮಾಡಿಸಿ ಕಳಿಸಬೇಕಿತ್ತು. ಏಡನ್‌ನಲ್ಲಿ ಕಂಚುಗಾರರು ಇರಲಿಲ್ಲವೆಂದಲ್ಲ. ಸಮುದ್ರ ದಾಟಿಸಿ, ಸಾಗಣೆ ಖರ್ಚು ಕೊಟ್ಟು, ತಿಂಗಳುಗಟ್ಟಲೆ ಕಾದರೂ ಪರವಾಗಿಲ್ಲ ಎನ್ನುವಷ್ಟು ಹೆಸರು ಇಲ್ಲಿನ ಕುಶಲಕರ್ಮಿಗಳ ಕೈಗೆ ಇತ್ತು.

ಆ ಗೆಳೆಯ ಅಬ್ರಹಾಂ ಬೆನ್ ಯಿಜು. ಈಗಿನ ಟುನೀಶಿಯಾದ ಮಹ್ದಿಯಾ ಎಂಬ ಕಡಲೂರಿನ ಯಹೂದಿ. 1132ರ ಹೊತ್ತಿಗೆ ಮಂಗಳೂರಿಗೆ ಬಂದವನು 1149ರವರೆಗಿನ ಕಾಲದ ಬಹುಭಾಗವನ್ನು ಈ ಕರಾವಳಿಯಲ್ಲೇ ಕಳೆದ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಶುಂಠಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಹಿತ್ತಾಳೆ-ಕಂಚಿನ ಕಾರ್ಖಾನೆಯನ್ನೂ ನಡೆಸುತ್ತಿದ್ದ.

ಭಾರತ ಹೊರಗಿನ ಲೋಕದೊಂದಿಗೆ ಇಟ್ಟುಕೊಂಡಿದ್ದ ಸಂಬಂಧ ಎಂದೊಡನೆ ಮಾತು ಸಾಮಾನ್ಯವಾಗಿ ಸಾಮ್ರಾಟರ ರಾಯಭಾರಿಗಳ ಕಡೆಗೆ, ಧರ್ಮ ಹರಡಲು ಹೊರಟ ಭಿಕ್ಷುಗಳ ಕಡೆಗೆ ಹೋಗುತ್ತದೆ. ಅವರ ಪಾಲು ದೊಡ್ಡದೇ. ಆದರೆ ವರ್ಷದಿಂದ ವರ್ಷಕ್ಕೆ ಆ ನಂಟನ್ನು ಹಿಡಿದಿಟ್ಟವರು ಬೆನ್ ಯಿಜುವಿನಂಥ ವರ್ತಕರು, ಅವರ ಗುಮಾಸ್ತರು, ಹಡಗಿನ ನಾಖುದರು, ಹಮಾಲರು. ದುರದೃಷ್ಟವೆಂದರೆ ಇವರ ದಿನನಿತ್ಯದ ಲೆಕ್ಕ ನಮ್ಮ ನೆಲದಲ್ಲಿ ಉಳಿಯಲಿಲ್ಲ. ಆಗ ತುಳುನಾಡನ್ನು ಆಳುತ್ತಿದ್ದ ಆಳುಪರ ಶಾಸನಗಳು ದಾನದತ್ತಿಗಳನ್ನು ಕಲ್ಲಿನಲ್ಲಿ ದಾಖಲಿಸಿದವು. ಮೆಣಸಿನ ಮೂಟೆಯ ಬೆಲೆಯನ್ನು ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ? ತಾಳೆಗರಿಯಲ್ಲಿ ಬರೆದದ್ದನ್ನು ಕರಾವಳಿಯ ಮಳೆಗಾಲ ಮತ್ತು ಗೆದ್ದಲು ತಿಂದವು.

ಹಾಗಾಗಿ ಮಂಗಳೂರಿನ ಆ ದಿನಗಳನ್ನು ತಿಳಿಯಲು ಕೈರೋಗೆ ಹೋಗಬೇಕು. ಹಳೆಯ ಕೈರೋದ, ಅಂದರೆ ಫುಸ್ತಾತ್‌ನ, ಬೆನ್ ಎಜ್ರಾ ಸಿನಗಾಗ್‌ನಲ್ಲಿ ಗೆನಿಜಾ ಎಂಬ ಕೋಣೆಯಿತ್ತು. ದೇವರ ಹೆಸರು ಇರಬಹುದಾದ ಯಾವ ಕಾಗದವನ್ನೂ ಹರಿದೆಸೆಯಬಾರದೆಂಬ ಶ್ರದ್ಧೆಯಿಂದ ಅಲ್ಲಿನ ಯಹೂದಿಗಳು ಹಳೆಯ ಬರಹಗಳನ್ನೆಲ್ಲ ಅದರೊಳಗೆ ಹಾಕುತ್ತಿದ್ದರು. ಧರ್ಮಗ್ರಂಥದ ಹಾಳೆಗಳ ಜತೆ ಮದುವೆಯ ಕರಾರು, ಸಾಲದ ಚೀಟಿ, ವ್ಯಾಪಾರದ ಪತ್ರಗಳೂ ಸೇರಿದವು. ಈಜಿಪ್ಟಿನ ಒಣ ಹವೆ ಅವನ್ನು ಕಾಪಾಡಿತು. ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896-97ರಲ್ಲಿ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಇಂದು ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 1,90,000ಕ್ಕೂ ಹೆಚ್ಚು ತುಣುಕುಗಳಿವೆ. ಆ ರಾಶಿಯಿಂದ ಭಾರತದ ವ್ಯಾಪಾರಕ್ಕೆ ಸೇರಿದ ಪತ್ರಗಳನ್ನು ಹೆಕ್ಕಿ ತೆಗೆದವರು ಎಸ್.ಡಿ. ಗೊಯ್ಟೈನ್. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಕೈ ಫ್ರೀಡ್‌ಮನ್ ಆ ಕೆಲಸ ಮುಂದುವರಿಸಿ 2008ರಲ್ಲಿ ಇಂಗ್ಲಿಷಿನ ದೊಡ್ಡ ಸಂಪುಟವಾಗಿ ತಂದರು.

ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಒಳಗಿರುವುದು ಅಪ್ಪಟ ವ್ಯವಹಾರ. ನೈಋತ್ಯ ಮಾರುತದ ಅಬ್ಬರ ಇಳಿಯುವ ಹೊತ್ತಿಗೆ ಏಡನ್‌ನಿಂದ ಹಡಗು ಹೊರಡುತ್ತಿತ್ತು. ಚಳಿಗಾಲದ ಈಶಾನ್ಯ ಗಾಳಿ ಹಿಡಿದು ಇಲ್ಲಿಂದ ಮರಳುತ್ತಿತ್ತು. ಒಂದು ಗಾಳಿ ತಪ್ಪಿದರೆ ಒಂದು ವರ್ಷವೇ ಹೋಯಿತು. ಕಡಲನ್ನು ನಂಬಿ ಎಲ್ಲ ಸರಕನ್ನೂ ಒಂದೇ ಹಡಗಿಗೆ ಹೇರುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಹಲವು ಹಡಗುಗಳಿಗೆ ಹಂಚಿ ಕಳಿಸುತ್ತಿದ್ದರು. ಕೆಂಪು ಸಮುದ್ರದ ಬಾಯಿ ಬಾಬ್ ಎಲ್ ಮಂದೆಬ್ ಬಳಿ ಒಂದು ಹಡಗು ಒಡೆದಾಗ ಏಡನ್‌ನಿಂದ ಮುಳುಗುಗಾರರನ್ನು ಕರೆಸಿದರು. ಅವರು ಕಬ್ಬಿಣದಲ್ಲಿ ಸುಮಾರು ಅರ್ಧದಷ್ಟನ್ನು ಮೇಲೆತ್ತಿದರು. ಮೆಣಸು ಪೂರ್ತಿ ನೀರುಪಾಲಾಯಿತು. ಈ ಸುದ್ದಿಯನ್ನು ಬೆನ್ ಯಿಜುವಿಗೆ ತಿಳಿಸಿದ ಪತ್ರ ಉಳಿದಿದೆ.

ಇನ್ನೊಂದು ತಕರಾರು ಏಲಕ್ಕಿಯದು. ಸರಕು ಒದಗಿಸುವುದಾಗಿ ಮುಂಗಡ ಪಡೆದ ಸ್ಥಳೀಯ ದಲ್ಲಾಳಿಯೊಬ್ಬ ಮಾಲು ಕೊಡಲೇ ಇಲ್ಲ. ಏಡನ್‌ನವರು ಪತ್ರದ ಮೇಲೆ ಪತ್ರ ಬರೆದು ಬೆನ್ ಯಿಜುವನ್ನು ಪೀಡಿಸಿದರು. ಗಮನಿಸಬೇಕಾದ ಸಂಗತಿಯೆಂದರೆ ಇಷ್ಟು ದೊಡ್ಡ ವಹಿವಾಟಿಗೆ ಸಮುದ್ರದ ಎರಡೂ ದಡಗಳನ್ನು ಆಳುವ ಒಂದು ಸರ್ಕಾರವಾಗಲಿ ನ್ಯಾಯಾಲಯವಾಗಲಿ ಇರಲಿಲ್ಲ. ಮರ್ಯಾದೆಯೇ ಜಾಮೀನು. ಏಡನ್‌ನ ಯಹೂದಿ ವರ್ತಕರ ಮುಖಂಡ ಮದ್ಮೂನ್, ಇಲ್ಲಿನ ಬನಿಯಾ ವರ್ತಕರಿಗೂ ಸುದ್ದಿ ಮುಟ್ಟಿಸಲು ಬೆನ್ ಯಿಜುವಿಗೆ ಬರೆಯುತ್ತಾನೆ: ಪಾಲುದಾರಿಕೆಯಲ್ಲಿ ಮಂಗಳೂರಿನಿಂದ ಒಂದು ಹಡಗು ಹೊರಡಿಸೋಣ ಎಂಬುದು ಅವನ ಸಲಹೆ. ಬೇರೆ ದೇವರು, ಬೇರೆ ಭಾಷೆ, ಬೇರೆ ಊಟದ ಜನ ಒಂದೇ ಹಡಗಿನಲ್ಲಿ ಬಂಡವಾಳ ಹೂಡುವ ಲೋಕ ಅದು.

ಅತ್ತ ಕಡೆಯಿಂದ ಬರುತ್ತಿದ್ದುದು ಚಿನ್ನದ ನಾಣ್ಯ, ರೇಷ್ಮೆ, ತಾಮ್ರ, ಸೀಸ. ಕಾಣಿಕೆಯಾಗಿ ಸಕ್ಕರೆ, ಒಣದ್ರಾಕ್ಷಿ, ಜತೆಗೆ ಕಾಗದ. ಘಟ್ಟದ ಮೇಲೆ ಕಲ್ಯಾಣದಲ್ಲಿ ಬಸವಣ್ಣನವರ ಕಾಲದ ವಚನಗಳು ತಾಳೆಗರಿಗೆ ಏರಿದ ಅದೇ ಶತಮಾನದಲ್ಲಿ ಕಡಲತಡಿಯ ಈ ವರ್ತಕ ಈಜಿಪ್ಟಿನ ಕಾಗದಕ್ಕಾಗಿ ಕಾಯುತ್ತಿದ್ದ. ಸಿಕ್ಕ ಹಾಳೆಯನ್ನು ಪೋಲು ಮಾಡುತ್ತಿರಲಿಲ್ಲ. ಬಂದ ಪತ್ರದ ಬೆನ್ನಿಗೇ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಏಡನ್‌ಗೆ ಹೊರಡುವಾಗ ಕಟ್ಟಿದ ಗಂಟುಮೂಟೆಯ ಪಟ್ಟಿಯೂ ಹೀಗೆ ಹಳೆಯ ಪತ್ರವೊಂದರ ಹಿಂದೆ ಇದೆ. ಆ ಒಂದೇ ಪಟ್ಟಿಯನ್ನು ಹಿಡಿದು ಎಲಿಜಬೆತ್ ಲ್ಯಾಂಬೋರ್ನ್ 2018ರಲ್ಲಿ ಇಡೀ ಪುಸ್ತಕ ಬರೆದರು.

ಇದನ್ನೆಲ್ಲ ಸೊಗಸಿನ ಕಾಲವೆಂದು ಬಣ್ಣಿಸಿ ಸುಮ್ಮನಾಗುವಂತಿಲ್ಲ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವಳು ಇಲ್ಲಿಯವಳೇ. ಬಿಡುಗಡೆಯ ನಂತರ ಬೆರಾಖಾ ಎಂಬ ಹೀಬ್ರೂ ಹೆಸರು ಪಡೆದಳು. ಅವನ ಹೆಂಡತಿಯಾಗಿ ಮಕ್ಕಳನ್ನು ಹೆತ್ತಳೆಂದು ವಿದ್ವಾಂಸರು ನಂಬುತ್ತಾರೆ. ಬೆನ್ ಯಿಜುವಿನ ಸೇವೆಯಲ್ಲಿದ್ದ ಬೊಮ್ಮ ಎಂಬವನೂ ದಾಸನೇ. ಒಡೆಯನ ಪರವಾಗಿ ಏಡನ್‌ಗೆ ಹೋಗಿ ಬೆಲೆಬಾಳುವ ಸರಕು ಮಾರಿ ಬರುತ್ತಿದ್ದ. ವರ್ಷಗಳು ಕಳೆದಂತೆ ಏಡನ್‌ನ ವರ್ತಕರು ಪತ್ರದ ಕೊನೆಯಲ್ಲಿ ಅವನಿಗೂ ನಮಸ್ಕಾರ ಹೇಳಿ ಕಳಿಸತೊಡಗಿದರು. ಲೇಖಕ ಅಮಿತಾವ್ ಘೋಷ್ ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದರು, ತುಳು ಜಾನಪದದ ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವು ಪಡೆದರು. 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಆ ಹುಡುಕಾಟದ ಕಥನ.

1148ರಲ್ಲಿ ಸಿಸಿಲಿಯ ನಾರ್ಮನ್ ದೊರೆಯ ಸೇನೆ ಮಹ್ದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಬಂಧುಬಳಗ ದಿಕ್ಕಾಪಾಲಾಯಿತು. ಮರುವರ್ಷ ಅವನು ಮಕ್ಕಳೊಂದಿಗೆ ಏಡನ್ ತಲುಪಿ, ಸೆಪ್ಟೆಂಬರ್ 11ರಂದು ಒಡಹುಟ್ಟಿದವರಿಗೆ ಪತ್ರ ಬರೆದ: ಗಳಿಸಿದ್ದರಲ್ಲಿ ಎಲ್ಲರೂ ಬಾಳೋಣ ಬನ್ನಿ, ಮಗಳನ್ನು ನಮ್ಮ ಮನೆತನಕ್ಕೇ ಕೊಡೋಣ ಎಂಬುದು ಅದರ ಸಾರ. ಮಗ ಸುರೂರ್ ಯೆಮೆನ್‌ನಲ್ಲಿ ತೀರಿಕೊಂಡ. ಮಗಳು ಸಿತ್ ಅಲ್-ದಾರ್ 1156ರಲ್ಲಿ ಸಿಸಿಲಿಯಿಂದ ಬಂದ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಪೈಕಿ ಪೆರಾಹ್ಯಾ ಎಂಬವನ ಕೈಹಿಡಿದಳು.

ಕೇಂಬ್ರಿಜ್‌ನಲ್ಲಿರುವ ತುಣುಕುಗಳ ಚಿತ್ರಗಳನ್ನು ಈಗ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅವುಗಳಲ್ಲಿ ಬರುವ ಊರು, ಸರಕು, ಜನರ ಹೆಸರುಗಳನ್ನು ಗುರುತಿಸಲು ಹೀಬ್ರೂ ಲಿಪಿ ಮತ್ತು ಅರಬಿಯಷ್ಟೇ ಸಾಲದು. ತುಳು, ಕನ್ನಡ, ಮಲಯಾಳಂ ಬಲ್ಲವರೂ ಬೇಕು. ನಮ್ಮ ಇತಿಹಾಸ ವಿಭಾಗಗಳಲ್ಲಿ ಶಾಸನಶಾಸ್ತ್ರದ ಪಕ್ಕದಲ್ಲಿ ಅರಬಿ ಕಲಿಸುವ ಏರ್ಪಾಡು ಆಗಲೇಬೇಕು.