ತರಗತಿಯಲ್ಲಿ ಶಿಸ್ತು: ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಕಲಂ 17 ಶಾಲೆಯಲ್ಲಿ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. ಕಲಂ 16ರನ್ವಯ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಆದ್ದರಿಂದ ದೂರು ಬಂದಾಗ ‘ನಾಲ್ಕು ಬಿಗಿಯಿರಿ’, ‘ಟಿ.ಸಿ. ಕೊಟ್ಟು ಕಳುಹಿಸಿ’ ಎಂದು ಸದಸ್ಯರು ಶಿಕ್ಷಕರಿಗೆ ಸೂಚಿಸತಕ್ಕದ್ದಲ್ಲ.

ಗದ್ದಲದ ಕಾರಣವನ್ನು ಮೊದಲು ಅರಿಯಬೇಕು. ಕಪ್ಪುಹಲಗೆಯ ಅಕ್ಷರ ಕಾಣದ, ಪಾಠ ಓದಲು ಬಾರದ ಅಥವಾ ಹಸಿದು ಬಂದ ಮಗುವೂ ತಂಟೆ ಮಾಡಬಹುದು. ಇದಕ್ಕೆ ಕನ್ನಡಕ, ಪರಿಹಾರ ಬೋಧನೆ, ಊಟವೇ ಮದ್ದು, ಬೆತ್ತವಲ್ಲ.

ತರಗತಿಯ ನಿಯಮಗಳನ್ನು ಮಕ್ಕಳೊಡನೆಯೇ ಚರ್ಚಿಸಿ ರೂಪಿಸುವುದು, ತಪ್ಪಿದ ಮಗುವಿನೊಂದಿಗೆ ಶಿಕ್ಷಕರು ಪ್ರತ್ಯೇಕವಾಗಿ ಮಾತನಾಡುವುದು ಸೂಕ್ತ. ಸಮಸ್ಯೆ ಮರುಕಳಿಸಿದರೆ ಎಸ್‌ಡಿಎಂಸಿ ಸಭೆಯಲ್ಲಿ ಮಗುವಿನ ಹೆಸರೆತ್ತದೆ ಚರ್ಚಿಸಬೇಕು. ಮಗು ಹಿಂಸೆಗೊಳಗಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸತಕ್ಕದ್ದು.